ಫ್ಲೆಕ್ಸಿನಲ್ಲಿ ನಗುವಿಗೆ ಜಾಗವಿಲ್ಲ

ನಾಯಕರೊಬ್ಬರ ಹುಟ್ಟುಹಬ್ಬ ಬಂತೆಂದರೆ ಕಲಬುರಗಿಯ ಜಗತ್ ವೃತ್ತದ ಸುತ್ತ ಫ್ಲೆಕ್ಸ್‌ಗಳು ಏಳುತ್ತವೆ. ನಡುವೆ ಒಂದು ದೊಡ್ಡ ಮುಖ, ಕೆಳಗೆ ಶುಭ ಕೋರುವವರ ಸಾಲು ಸಾಲು ಸಣ್ಣ ಮುಖಗಳು. ಎಲ್ಲರದೂ ಬಿಳಿ ಅಂಗಿ, ಎಲ್ಲರೂ ಗಂಭೀರ. ಮಾತಿಗೆ ನಿಂತರೆ ಕುಚೋದ್ಯ ಬಿಡದ ಈ ಊರಿನವರು ಗೋಡೆಯ ಮೇಲೆ ಬಂದಾಗ ಮಾತ್ರ ಏಕೆ ಹೀಗೆ ಬಿಗಿಯುತ್ತಾರೆ?

ಚಿತ್ರಕಲೆ ಊರಿಗೆ ಹೊಸದಲ್ಲ. 1916ರಲ್ಲಿ ಇಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಂದ ದೇಶಕ್ಕೆ ಪರಿಚಿತರಾದರು. ಊರಿನ ರಂಗಮಂದಿರಕ್ಕೆ ಅವರದೇ ಹೆಸರಿದೆ. ಆದರೆ ಅವರ ಕುಂಚಕ್ಕೆ ಒಲಿದದ್ದು ಶೃಂಗಾರ ಮತ್ತು ವೀರ, ಹಾಸ್ಯವಲ್ಲ. ಮುಂದೆ ಬಂದವರು ಅವರ ಕೈಚಳಕವನ್ನು ಬಿಟ್ಟು ವೈಭವವನ್ನಷ್ಟೇ ಎತ್ತಿಕೊಂಡರು ಎಂದು ನನಗನಿಸುತ್ತದೆ.

ಹಾಸ್ಯ ಬಂದದ್ದು ಬೇರೆ ದಾರಿಯಿಂದ. ಕನ್ನಡದಲ್ಲಿ 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಆರ್.ಕೆ. ಲಕ್ಷ್ಮಣ್ ತಾರುಣ್ಯದಲ್ಲೇ ಚಿತ್ರ ಬರೆದರು. ಜಾಹೀರಾತಿನಲ್ಲಿ ಕಣ್ಣು ತೆರೆಸಿದ್ದು 1959ರ ಫೋಕ್ಸ್‌ವ್ಯಾಗನ್. ದೊಡ್ಡ ಕಾರಿನ ಹುಚ್ಚು ಹಿಡಿದಿದ್ದ ಅಮೆರಿಕದಲ್ಲಿ ಪುಟದ ತುಂಬ ಬರೀ ಖಾಲಿ ಜಾಗ, ಒಂದು ಬದಿಗೆ ಪುಟ್ಟ ಕಾರು, ಕೆಳಗೆ ‘ಚಿಕ್ಕದಾಗಿ ಯೋಚಿಸಿ’ ಎಂಬ ಮಾತು. ನಮ್ಮಲ್ಲಿ 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಮತ್ತು ಯೂಸ್ಟೇಸ್ ಫರ್ನಾಂಡಿಸ್ ಅಮುಲ್ ಹುಡುಗಿಯನ್ನು ತಂದರು. ವಾರದ ಸುದ್ದಿಯನ್ನೇ ಅವಳು ಬೆಣ್ಣೆಯ ಮಾತಾಗಿಸುತ್ತ ಬಂದಳು. ಎರಡರಲ್ಲೂ ಇರುವ ಉಪಾಯ ಒಂದೇ. ಚಿತ್ರ ಅರ್ಧ ಹೇಳುತ್ತದೆ, ಮಾತು ಇನ್ನರ್ಧ. ಕೂಡಿಸಿ ನಗುವ ಕೆಲಸ ನೋಡುವವನದು. ಅದಕ್ಕೆ ಬಿಡುವು ಬೇಕು, ಹಾಳೆಯಲ್ಲೂ.

ಫ್ಲೆಕ್ಸ್ ಕಸಿದುಕೊಂಡದ್ದು ಆ ಬಿಡುವನ್ನು. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಬರೆಯಬಲ್ಲ ಪೇಂಟರ್‌ಗಳ ಕಾಲದಲ್ಲಿ ಅಕ್ಷರ ಹೆಚ್ಚಿದಷ್ಟೂ ಕೈ ನೋಯುತ್ತಿತ್ತು, ಹಾಗಾಗಿ ಮಾತು ತಾನಾಗಿಯೇ ಚಿಕ್ಕದಾಗುತ್ತಿತ್ತು. ಈಗ ಚದರ ಅಡಿಯ ಲೆಕ್ಕ. ಒಂದು ಮುಖ ಹಾಕಿದರೂ ನಲವತ್ತು ಹಾಕಿದರೂ ದರ ಅಷ್ಟೇ. ಚಂದಾ ಕೊಟ್ಟ ಪ್ರತಿಯೊಬ್ಬನಿಗೂ ತನ್ನ ಮುಖ ಕಾಣಬೇಕು. ಖಾಲಿ ಬಿಟ್ಟರೆ, ಇದಕ್ಕೂ ದುಡ್ಡು ಕೊಡಬೇಕೇ ಎಂದು ಗಿರಾಕಿ ಕೇಳುತ್ತಾನೆ. ಅವನ ಲೆಕ್ಕದಲ್ಲಿ ಅವನು ಸರಿಯೇ! 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿತು. ನಿಷೇಧ ಕಡತದಲ್ಲಿದೆ, ಫ್ಲೆಕ್ಸ್ ಕಂಬದಲ್ಲಿದೆ.

ವಿನೋದ ಈಗ ಮೊಬೈಲ್ ಸೇರಿದೆ. ಮೀಮ್‌ಗೆ ಚಂದಾ ಕೊಟ್ಟವರಿಲ್ಲ, ಅಳತೆಯೂ ಇಲ್ಲ; ಕಲಬುರಗಿ ಮಾತಿನ ಒಂದೇ ಸಾಲು ಸಾಕು. ಅಕ್ಷರದ ಆಕಾರದಲ್ಲೇ ನಗುವಿದೆ ಎಂಬುದನ್ನು ನಮಗಿಂತ ಮೊದಲು ಕನ್ನಡ ಬಾರದವರು ಕಂಡುಕೊಂಡರು. ನಮ್ಮ ‘ಠ’ವನ್ನು ಎರಡು ಕಣ್ಣಾಗಿಸಿ, ನಡುವೆ ಗೆರೆ ಎಳೆದು, ಠ_ಠ ಎಂಬ ಅಸಮಾಧಾನದ ಮುಖವನ್ನು ಅಂತರ್ಜಾಲದ ತುಂಬ ಹಂಚಿದರು.

2024ರ ಕಾನೂನು ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದಿತು. ಅಂಗಡಿಯವರು ಅಳತೆಪಟ್ಟಿ ಹಿಡಿದು ಅಕ್ಷರಗಳನ್ನು ದೊಡ್ಡದು ಮಾಡಿಸಿದ್ದಾರೆ. ಅವುಗಳೊಡನೆ ಆಟವಾಡಿದ ಫಲಕವೊಂದು ಸೂಪರ್ ಮಾರ್ಕೆಟ್ ಬೀದಿಗಳಲ್ಲಿ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.