ಕಂದು ಕಡಲಪಾಚಿಯ ಗುಳಿಗಿ ತಗೋಬೇಕೋ ಬ್ಯಾಡೋ?

ಪ್ರಶ್ನೆ: ಸರ, ನಮ್ಮದು ಆಳಂದ ತಾಲ್ಲೂಕು. ನನಗ ಸಕ್ರಿ ಬ್ಯಾನಿ ಅದ. ಮಗ ಆನ್‌ಲೈನ್‌ದಾಗ ಕಂದು ಕಡಲಪಾಚಿಯ ಗುಳಿಗಿ ತರಿಸ್ಯಾನ. ಆ್ಯಂಟಿಆಕ್ಸಿಡೆಂಟ್ ಭಾಳ ಅವ, ಸಕ್ರಿ, ಮೊಳಕಾಲ ನೋವು, ಕ್ಯಾನ್ಸರ್ ಎಲ್ಲಾಕೂ ಛಲೋ ಅಂತ ಡಬ್ಬಿ ಮ್ಯಾಲ ಬರದದ. ತೊಗರಿಗೆ ಹೊಡಿಯೋ ಎಣ್ಣಿನೂ ಇದರಿಂದನೇ ಮಾಡ್ತಾರಂತ. ತಗೋಬೇಕೋ ಬ್ಯಾಡೋ ಹೇಳ್ರಿ.

ಉತ್ತರ: ಥೈರಾಯ್ಡ್ ತೊಂದರೆ ಇದ್ದರೆ ಡಬ್ಬಿ ತೆರೆಯಲೇಬೇಡಿ. ಇಲ್ಲದಿದ್ದರೂ ಸಕ್ರಿ ಬ್ಯಾನಿಗೆಂದು ಇದನ್ನು ನುಂಗುವ ಕಾರಣ ನನಗಂತೂ ಕಾಣುತ್ತಿಲ್ಲ. ಹಾಗಂತ ಡಬ್ಬಿಯ ಮೇಲಿನ ಮಾತು ಪೂರಾ ಸುಳ್ಳೂ ಅಲ್ಲ. ಅದಕ್ಕೇ ತುಸು ಉದ್ದಕ್ಕೆ ಬರೆಯುತ್ತಿದ್ದೇನೆ.

ಕಂದು ಪಾಚಿಗಳಲ್ಲಿ ಬಹಳಷ್ಟು ಬೆಳೆಯುವುದು ದಡದ ಬಂಡೆಗಳ ಮೇಲೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದರೆ ಬಿಸಿಲಿಗೆ ಬಿದ್ದು ಒಣಗಬೇಕು, ಭರತ ಬಂದಾಗ ಮತ್ತೆ ಮುಳುಗಬೇಕು. ಹೀಗೆ ಬಿಸಿಲು ತಿಂದಾಗ ಜೀವಕೋಶದಲ್ಲಿ ಆಮ್ಲಜನಕದ ಪುಂಡ ಕಣಗಳು ಹುಟ್ಟಿ ಸಿಕ್ಕಿದ್ದನ್ನೆಲ್ಲ ಕೆಡಿಸುತ್ತವೆ. ಅವನ್ನು ಸುಮ್ಮನಾಗಿಸಲು ಪಾಚಿ ತನ್ನದೇ ರಾಸಾಯನಿಕ ತಯಾರಿಸಿಕೊಳ್ಳುತ್ತದೆ. ಇಂಥವನ್ನೇ ಆ್ಯಂಟಿಆಕ್ಸಿಡೆಂಟ್ ಅನ್ನುವುದು. ಫ್ಲೊರೊಟ್ಯಾನಿನ್ ಎಂಬ ಒಗರು ಪದಾರ್ಥ ಕಂದು ಪಾಚಿ ಬಿಟ್ಟರೆ ಬೇರೆಡೆ ಸಿಗುವುದು ಅಪರೂಪ. ಅದು ನೇರಳಾತೀತ ಕಿರಣವನ್ನೂ ಹೀರುತ್ತದೆ, ಮೇಯಲು ಬರುವ ಶಂಖದ ಹುಳುಗಳಿಗೂ ರುಚಿಸುವುದಿಲ್ಲ. ಪಾಚಿಗೆ ಕಂದು ಬಣ್ಣ ಕೊಡುವ ಫ್ಯೂಕೊಜಾಂಥಿನ್ ಗಜ್ಜರಿಯ ಬಣ್ಣದ ಬಳಗಕ್ಕೇ ಸೇರಿದ್ದು. ಇದೇ ಪಾಚಿಗಳಲ್ಲಿರುವ ಲೋಳೆಯಂಥ ಫ್ಯೂಕಾಯ್ಡನ್ ಅನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ಹೆರಾಲ್ಡ್ ಕೈಲಿನ್ 1913ರಲ್ಲೇ ಬೇರ್ಪಡಿಸಿದ್ದರು. ಇನ್ನು ಕೆಲ್ಪ್ ಎಂಬ ದೊಡ್ಡ ಜಾತಿಯ ಕಂದು ಪಾಚಿ ಸಮುದ್ರದಿಂದ ಅಯೋಡಿನ್ ಹೀರಿ ಕೂಡಿಡುತ್ತದೆ. ಯಾಕೆಂಬುದು ಬಹುಕಾಲ ಗೊತ್ತಿರಲಿಲ್ಲ. ಆ ಅಯೋಡೈಡೇ ಅದರ ಆ್ಯಂಟಿಆಕ್ಸಿಡೆಂಟ್ ಎಂದು 2008ರಲ್ಲಿ ತೋರಿಸಿದರು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಈ ಗುಣ ಇದೆಯೆಂದು ಅಳೆಯುವುದು ಹೇಗೆ? ಜೀವರಸಾಯನ ಓದುವ ಮಕ್ಕಳು ನಿಮ್ಮೂರ ಕಡೆ ಇದ್ದರೆ ಕೇಳಿ ನೋಡಿ. ಡಿಪಿಪಿಎಚ್ ಎಂಬ ಪುಡಿಯನ್ನು ಮೆಥನಾಲಿನಲ್ಲಿ ಕರಗಿಸಿದರೆ ಗಾಢ ನೇರಳೆ ದ್ರವ ಆಗುತ್ತದೆ. ಅದಕ್ಕೆ ಪಾಚಿಯ ಸಾರ ಹನಿಸಿ ಕತ್ತಲಲ್ಲಿ ಅರ್ಧ ತಾಸು ಇಡುತ್ತಾರೆ. ನೇರಳೆ ಮಾಸಿ ಹಳದಿಗೆ ತಿರುಗಿದಷ್ಟೂ ಸಾರಕ್ಕೆ ಶಕ್ತಿ ಹೆಚ್ಚು. ಡಬ್ಬಿಯ ಮೇಲಿನ ಹೊಗಳಿಕೆಯಲ್ಲಿ ದೊಡ್ಡ ಪಾಲು ಇಂಥ ನಳಿಕೆಯೊಳಗಿನದು. ಪರೀಕ್ಷೆ ಸರಿಯಾದದ್ದೇ. ಆದರೆ ನಳಿಕೆಗೆ ಕರುಳಿಲ್ಲ, ಪಿತ್ತಕೋಶವಿಲ್ಲ. ಫ್ಯೂಕೊಜಾಂಥಿನ್ ಕೊಬ್ಬಿನಲ್ಲಿ ಮಾತ್ರ ಕರಗುತ್ತದೆ, ಮನುಷ್ಯರ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ, ಅದೂ ರೂಪ ಬದಲಿಸಿಕೊಂಡು. ಆಹಾರಗಳ ಆ್ಯಂಟಿಆಕ್ಸಿಡೆಂಟ್ ಅಂಕಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದಲೇ ತೆಗೆದುಹಾಕಿತು. ನಳಿಕೆಯ ಅಂಕಕ್ಕೂ ದೇಹದಲ್ಲಾಗುವುದಕ್ಕೂ ಸಂಬಂಧ ಕಾಣದೆ ಹೋದದ್ದೇ ಅದಕ್ಕೆ ಕಾರಣ.

ಆ್ಯಂಟಿಆಕ್ಸಿಡೆಂಟ್ ಎಷ್ಟಿದ್ದರೂ ಒಳ್ಳೆಯದೇ ಅನ್ನುವವರು ಫಿನ್ಲೆಂಡಿನ ಕಥೆ ಕೇಳಬೇಕು. ಅಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಅಧ್ಯಯನ ಮಾಡಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಜ್ಜರಿಯಲ್ಲಿರುವ ಬೀಟಾ ಕೆರೋಟಿನ್ ಎಂಬ ಆ್ಯಂಟಿಆಕ್ಸಿಡೆಂಟಿನ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗುವ ಬದಲು ಶೇ 18ರಷ್ಟು ಹೆಚ್ಚಾಗಿತ್ತು!

ಸಕ್ರಿಯ ಮಾತಿಗೆ ಬರೋಣ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಫ್ಲೊರೊಟ್ಯಾನಿನ್ ತಡೆಯುತ್ತದೆ. ಸಕ್ರಿ ಬ್ಯಾನಿಗೆ ಡಾಕ್ಟರು ಬರೆಯುವ ಅಕಾರ್ಬೋಸ್ ಔಷಧ ಕೆಲಸ ಮಾಡುವುದೂ ಇದೇ ಜಾಗದಲ್ಲಿ. ಹಾಗಾಗಿ ವಿಜ್ಞಾನಿಗಳ ಕುತೂಹಲ ಸಹಜವೇ. ಮನುಷ್ಯರ ಮೇಲೆ ಆದ ಪರೀಕ್ಷೆಗಳು ಮಾತ್ರ ಸಣ್ಣವು, ಫಲಿತಾಂಶವೂ ಒಂದೇ ಥರ ಇಲ್ಲ. ಅದನ್ನು ನಂಬಿ ಸಕ್ರಿಗೆ ಈಗ ತಗೊಳ್ಳುವ ಗುಳಿಗಿ ಬಿಡುವುದು ಬೇಡವೇ ಬೇಡ. ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಬರೆದ ಡಬ್ಬಿಯನ್ನಂತೂ ಅಲ್ಲಿಗೇ ಮುಚ್ಚಿಡಿ. ರಕ್ತ ತೆಳುವಾಗಿಸುವ ಔಷಧ ತಗೊಳ್ಳುವವರು ಫ್ಯೂಕಾಯ್ಡನ್ ಸಹವಾಸಕ್ಕೆ ಹೋಗಬಾರದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಣ ಅದಕ್ಕೂ ಇದೆ.

ನಿಜಕ್ಕೂ ಕೆಲಸಕ್ಕೆ ಬಂದಿರುವ ಪದಾರ್ಥದ ಹೆಸರು ಆಲ್ಜಿನೇಟ್. ಅದಕ್ಕೆ ಆ್ಯಂಟಿಆಕ್ಸಿಡೆಂಟ್ ಎಂಬ ಬಿರುದೇ ಬೇಕಿಲ್ಲ. ತಮಿಳುನಾಡಿನ ಮಂಡಪಂ ಸುತ್ತಿನ ಕಡಲಲ್ಲಿ ಸರ್ಗಾಸಮ್, ಟರ್ಬಿನೇರಿಯಾ ಎಂಬ ಕಂದು ಪಾಚಿ ಕೀಳುವುದು ಹೆಚ್ಚಾಗಿ ಇದಕ್ಕಾಗಿಯೇ. ಎದೆಯುರಿಗೆ ಕುಡಿಯುವ ಕೆಲವು ಟಾನಿಕ್ಕುಗಳಲ್ಲಿ ಇದು ಇರುತ್ತದೆ. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಗಟ್ಟಿಯಾಗಿ, ಮೇಲೆ ತೇಲಿ, ಆಮ್ಲ ಗಂಟಲಿಗೆ ಏರದಂತೆ ತಡೆಯುತ್ತದೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯುವಾಗ ನೀರಿಗೆ ಕಲಸಿ ಬಾಯಿಗೆ ಒತ್ತುವ ಪುಡಿಯೂ ಇದೇ. ರಸಿಕೆ ಸೋರುವ ಗಾಯಕ್ಕೆ ಹಚ್ಚುವ ಪಟ್ಟಿಯಲ್ಲೂ ಇದೆ. ಜಾಹೀರಾತಿನವರಿಗೆ ಇದರ ಮೇಲೆ ಪ್ರೀತಿ ಯಾಕೋ ಕಡಿಮೆ.

ಈಗ ಅಯೋಡಿನ್. ದೊಡ್ಡವರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಸಾಕು. ಮನೆಯಲ್ಲಿ ಬಳಸುವ ಅಯೋಡಿನ್ ಉಪ್ಪಿನಲ್ಲಿ ಕಿಲೋಗೆ 15 ಮಿಲಿಗ್ರಾಂ ಇದ್ದರೂ 10 ಗ್ರಾಂ ಉಪ್ಪಿಗೆ ಲೆಕ್ಕ ಸರಿಹೋಯಿತು. ಜಪಾನೀಯರು ಅಡುಗೆಗೆ ಬಳಸುವ, ಒಣಗಿಸಿದ ‘ಕೊಂಬು’ ಎಂಬ ಕೆಲ್ಪಿನ ಒಂದೇ ಗ್ರಾಂನಲ್ಲಿ 1,000 ಮೈಕ್ರೊಗ್ರಾಂ ದಾಟುವುದುಂಟು. ಪಾಚಿಗೆ ಕವಚವಾದದ್ದು ನಮ್ಮ ಥೈರಾಯ್ಡಿಗೆ ಹೊರೆ. ಅತಿಯಾದರೆ ಗ್ರಂಥಿ ಕೆಲವರಲ್ಲಿ ಮಂದವಾಗುತ್ತದೆ, ಕೆಲವರಲ್ಲಿ ಜೋರಾಗುತ್ತದೆ. ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಿಜಿಕಿ ಎಂಬ ಕಂದು ಪಾಚಿಯಲ್ಲಿ ವಿಷಕಾರಿ ಆರ್ಸೆನಿಕ್ ಕಂಡುಬಂದು, ಅದನ್ನು ತಿನ್ನಬೇಡಿ ಎಂದು ಬ್ರಿಟನ್ನಿನ ಆಹಾರ ಸಂಸ್ಥೆ 2004ರಲ್ಲೇ ಹೇಳಿದೆ.

ತೊಗರಿಗೆ ಹೊಡೆಯುವ ಕಡಲಪಾಚಿ ದ್ರಾವಣದ ವಿಚಾರ: ಕೆಲವು ಕಂದು ಪಾಚಿಯವು, ಕೆಲವು ಕೆಂಪು ಪಾಚಿಯವು. ಬೆಳೆ ಚುರುಕಾಗಲಿ ಎಂದು ಹೊಡೆಯುವಂಥವು ಅವು, ಕೀಟನಾಶಕವಲ್ಲ. 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೂ ಬಂದಿವೆ. ಬಹಳಷ್ಟನ್ನು ಕ್ಷಾರ ಹಾಕಿ ಕುದಿಸಿ ತೆಗೆದಿರುತ್ತಾರೆ, ಹೊಲಕ್ಕಷ್ಟೇ ಇರಲಿ.

ನಿಮ್ಮ ಅಡುಗೆಮನೆಯ ಪುಂಡಿಪಲ್ಯ, ಅಗಸಿ ಹಿಂಡಿ, ತೊಗರಿಬ್ಯಾಳಿಯಲ್ಲೂ ಆ್ಯಂಟಿಆಕ್ಸಿಡೆಂಟ್ ಉಂಟು, ಅವು ನಾರಿನ ಜತೆಗೇ ಹೊಟ್ಟೆ ಸೇರುತ್ತವೆ. ಮಗ ಪ್ರೀತಿಯಿಂದ ತರಿಸಿದ್ದಾನೆ, ಬೈಯಬೇಡಿ. ಒಂದು ಗುಳಿಗಿಯಲ್ಲಿ ಅಯೋಡಿನ್ ಎಷ್ಟು ಮೈಕ್ರೊಗ್ರಾಂ ಎಂದು ಡಬ್ಬಿಯ ಮೇಲೆ ಹುಡುಕಲು ಹೇಳಿ. ಬರೆದಿರದಿದ್ದರೆ ವಾಪಸ್ ಕಳಿಸಲಿ. ಬರೆದಿದ್ದರೆ, ಮುಂದಿನ ಸಲ ಸಕ್ರಿ ತೋರಿಸಲು ಹೋದಾಗ ಡಬ್ಬಿಯನ್ನೂ ಒಯ್ದು ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಸೀಲು ಒಡೆಯಬೇಡಿ.