ಪದ ಪರಿಚಯ: ಕಾಂಟ್ರಾಸ್ಟ್ ಅನುಪಾತ

ಮಳೆಗಾಲ ಬಂತೆಂದರೆ ಬಾಗಲಕೋಟೆ, ವಿಜಯಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಲಮಟ್ಟಿ ನೀರಿನದೇ ಮಾತು. ಆ ಲೆಕ್ಕವನ್ನು ಗ್ರಾಫ್ ಮಾಡುವವರು ಸಾಮಾನ್ಯವಾಗಿ ಒಳಹರಿವಿಗೆ ಹಸಿರು ಗೆರೆ, ಹೊರಹರಿವಿಗೆ ಕೆಂಪು ಗೆರೆ ಹಾಕುತ್ತಾರೆ. ಮೊಬೈಲಿನಲ್ಲಿ ಚೆಂದ ಕಾಣುತ್ತದೆ. ಅದನ್ನೇ ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿ ನೋಡಿ, ಎರಡೂ ಹೆಚ್ಚುಕಮ್ಮಿ ಒಂದೇ ಬೂದು. ಬರುವ ನೀರು ಯಾವುದು, ಬಿಡುವ ನೀರು ಯಾವುದು? ಹೊಳೆ ದಂಡೆಯಲ್ಲಿ ಹೊಲ ಇರುವವರಿಗೆ ಬೇಕಿರುವುದೇ ಅದು, ಅಲ್ವಾ?

ಎರಡು ಬಣ್ಣಗಳ ಹೊಳಪಿನಲ್ಲಿ ಎಷ್ಟು ಅಂತರವಿದೆ ಎಂದು ಹೇಳುವ ಸಂಖ್ಯೆಯೇ ಕಾಂಟ್ರಾಸ್ಟ್ ಅನುಪಾತ. ಅಂತರವೇ ಇಲ್ಲದಿದ್ದರೆ 1:1. ಬಿಳಿ ಮೇಲೆ ಕಪ್ಪು 21:1, ಅದೇ ಗರಿಷ್ಠ.

ಎಡವಟ್ಟಾಗುವುದು ಇಲ್ಲಿ. ಕಂಪ್ಯೂಟರಿನ ಅಚ್ಚ ಕೆಂಪಿಗೆ ಬಿಳಿ ಹಿನ್ನೆಲೆಯಲ್ಲಿ ಸುಮಾರು 4:1 ಸಿಗುತ್ತದೆ. ಕಡು ಹಸಿರಿಗೆ 5:1 ದಾಟುತ್ತದೆ. ಗ್ರಾಫಿನ ಗೆರೆಗೆ 3:1 ಇದ್ದರೆ ಸಾಕು, ಹಾಗಾಗಿ ಬಿಡಿಬಿಡಿಯಾಗಿ ಎರಡೂ ಪಾಸು. ಆದರೆ ಅವೆರಡರ ನಡುವೆಯೇ ಲೆಕ್ಕ ಹಾಕಿದರೆ ಬರುವುದು ಸುಮಾರು 1.3:1 ಅಷ್ಟೇ! ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಬಣ್ಣದ ವ್ಯತ್ಯಾಸವೂ ಸರಿಯಾಗಿ ಸಿಗುವುದಿಲ್ಲ, ಹೊಳಪಿನ ವ್ಯತ್ಯಾಸವೂ ಇಲ್ಲ. ಇದು ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವುದರಿಂದ ಗಂಡಸರಲ್ಲೇ ಜಾಸ್ತಿ. ಎಷ್ಟೋ ಮಂದಿಗೆ ತಮಗೆ ಇದು ಇದೆ ಅನ್ನುವುದೇ ಗೊತ್ತಿರುವುದಿಲ್ಲ.

ವೆಬ್ ಪುಟಗಳಿಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ 4.5:1, ದೊಡ್ಡ ಅಕ್ಷರಕ್ಕೆ 3:1 ಕೇಳುತ್ತದೆ. 2018ರ ಆವೃತ್ತಿಯಲ್ಲಿ ಗ್ರಾಫಿನ ಗೆರೆ, ಕಂಬಗಳಂಥ ಚಿತ್ರಭಾಗಗಳಿಗೂ 3:1 ಸೇರಿತು. ಬಿಳಿ ಮೇಲೆ ಹಳದಿ ಗೆರೆ ಎಳೆಯುವವರಿದ್ದಾರಲ್ಲ, ಅದು 1.1ನ್ನೂ ಮುಟ್ಟುವುದಿಲ್ಲ. ಸುಮ್ನೆ ಶಾಯಿ ದಂಡ.

ಕಡುನೀಲಿ, ಕೆಂಪು ಬೆರೆತ ಕಿತ್ತಳೆ ಒಳ್ಳೆ ಜೋಡಿ. ಛಾಯೆ ಸರಿಯಾಗಿ ಆರಿಸಿದರೆ ಬಿಳಿಯೊಂದಿಗೂ ತಮ್ಮತಮ್ಮಲ್ಲೂ 3:1 ದಾಟುತ್ತವೆ. ಬಣ್ಣದ ಕೋಡ್ ಕೊಟ್ಟರೆ ಅನುಪಾತ ಹೇಳುವ ಉಚಿತ ತಾಣಗಳು ಬೇಕಾದಷ್ಟಿವೆ. ಆದರೂ ಸಂಖ್ಯೆಯೊಂದನ್ನೇ ನಂಬಿ ಕೂರಬಾರದು. ಆ ಸೂತ್ರ ಸಾಮಾನ್ಯ ಕಣ್ಣಿನ ಲೆಕ್ಕದ್ದು. ಬಣ್ಣಗುರುಡಿನ ಒಂದು ಬಗೆಯಲ್ಲಿ ಕೆಂಪು ಇನ್ನೂ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಗೆರೆ ಮುಗಿಯುವಲ್ಲೇ ‘ಒಳಹರಿವು’, ‘ಹೊರಹರಿವು’ ಅಂತ ಬರೆದುಬಿಡಿ, ಒಂದನ್ನು ಚುಕ್ಕಿಗೆರೆ ಮಾಡಿ. ಆಗ ಜೆರಾಕ್ಸ್‌ನಲ್ಲೂ ಓದಬಹುದು.