ಕನ್ನಡದ ಸ್ಲೈಡು ಕೊನೆಯ ಬೆಂಚಿಗೂ ಕಾಣಬೇಕಾದರೆ

ಸೆಮಿನಾರಿಗೆ ಸ್ಲೈಡ್ ಮಾಡುವಾಗ ನಾವು ಲ್ಯಾಪ್‌ಟಾಪಿನಿಂದ ಒಂದೂವರೆ ಅಡಿ ದೂರದಲ್ಲಿ ಕೂತಿರುತ್ತೇವೆ. ನೋಡುವವರು ಕೂರುವುದು ನಲವತ್ತು ಅಡಿ ಆಚೆ. ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಅಂತರದಲ್ಲೇ. ಆದ್ದರಿಂದ ಮೊದಲು ಒಂದು ಸಣ್ಣ ಲೆಕ್ಕ. ಕೊಠಡಿಯ ಪರದೆ 5 ಅಡಿ ಎತ್ತರ, ಕೊನೆಯ ಬೆಂಚು 40 ಅಡಿ ದೂರ ಇದ್ದರೆ ದೂರವು ಎತ್ತರದ 8 ಪಟ್ಟು. 15.6 ಇಂಚಿನ ಲ್ಯಾಪ್‌ಟಾಪಿನ ಪರದೆ ಸುಮಾರು ಏಳೂವರೆ ಇಂಚು ಎತ್ತರ. ಅದರ 8 ಪಟ್ಟು ಎಂದರೆ 60 ಇಂಚು, 5 ಅಡಿ. ಪವರ್‌ಪಾಯಿಂಟಿನಲ್ಲಿ ಎಫ್5 ಒತ್ತಿ ಸ್ಲೈಡನ್ನು ಪರದೆ ತುಂಬ ತೆರೆದು, ಎದ್ದು 5 ಅಡಿ ಹಿಂದೆ ಸರಿದು ಓದಿ ನೋಡಿ. ಅಲ್ಲಿಂದ ನಿಮಗೆ ಓದಲಾಗದ್ದು ಕೊನೆಯ ಬೆಂಚಿನವರಿಗೂ ಕಾಣುವುದಿಲ್ಲ.

ಅಕ್ಷರದ ಅಳತೆ: ಶೀರ್ಷಿಕೆಗೆ 36ರಿಂದ 40, ಒಳಗಿನ ಸಾಲುಗಳಿಗೆ 28ಕ್ಕೆ ಕಡಿಮೆ ಬೇಡ. ಇಂಗ್ಲಿಷಿಗೆ 24 ಸಾಕಾಗುವ ಕಡೆಯೂ ಕನ್ನಡಕ್ಕೆ ಸಾಲದು, ಏಕೆಂದರೆ ನಮ್ಮ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು. ‘ರಾಷ್ಟ್ರ’ ಎಂದು ಬರೆದು ನೋಡಿ: ಷ ದೊಡ್ಡದಾಗಿ ಕಾಣುತ್ತದೆ, ಅದರ ಅಡಿಯ ಟ ಒತ್ತು ಮತ್ತು ರ ಒತ್ತು ಮಸುಕಾಗಿ ಒಂದೇ ಗಂಟಾಗುತ್ತವೆ. ಸಾಲುಗಳ ನಡುವಿನ ಅಂತರವೂ ಇದೇ ಕಾರಣಕ್ಕೆ ಕೈಕೊಡುತ್ತದೆ. ಪವರ್‌ಪಾಯಿಂಟಿನ ಮಾಮೂಲಿ ವಿನ್ಯಾಸದಲ್ಲಿ ಅದು 0.9 ಇರುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಲೈನ್ ಸ್ಪೇಸಿಂಗ್‌ನಲ್ಲಿ ಮಲ್ಟಿಪಲ್ ಆರಿಸಿ 1.1 ಅಥವಾ 1.2 ಕೊಡಿ.

ಬೋಲ್ಡ್ ಮಾಡುವ ಮುನ್ನವೂ ಯೋಚಿಸಿ. ದ–ಧ, ಪ–ಫ, ಬ–ಭ ಇವುಗಳ ವ್ಯತ್ಯಾಸ ಇರುವುದು ಬುಡದ ಸಣ್ಣ ಸೀಳಿನಲ್ಲಿ. ಗೆರೆ ದಪ್ಪವಾದಷ್ಟೂ ಸೀಳು ಮುಚ್ಚಿಕೊಳ್ಳುತ್ತದೆ, ದೂರದಿಂದ ನೋಡುವವರಿಗೆ ‘ಧನ’ ಹೋಗಿ ‘ದನ’ ಆಗುತ್ತದೆ! ದೊಡ್ಡ ಶೀರ್ಷಿಕೆಗೆ ಬೋಲ್ಡ್ ನಡೆಯುತ್ತದೆ, ಒಳಗಿನ ಸಾಲುಗಳಿಗೆ ಬೇಡ. ಇಟಾಲಿಕ್ ಅಂತೂ ಬೇಡವೇ ಬೇಡ. ಕನ್ನಡದಲ್ಲಿ ಅದು ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ, ಅಷ್ಟೆ.

ಗೊತ್ತಾಗದಂತೆ ಕೆಡಿಸುವುದು ಆಟೋಫಿಟ್. ಸಾಲು ಸೇರಿಸುತ್ತಾ ಹೋದಂತೆ ಅದು ಅಕ್ಷರವನ್ನು ತಾನೇ ಕುಗ್ಗಿಸುತ್ತದೆ. ನೀವು 28 ಇಟ್ಟದ್ದು 18 ಆಗಿರುತ್ತದೆ. ಅದನ್ನು ಆಫ್ ಮಾಡಿಡಿ; ಸಾಲು ಚೌಕಟ್ಟಿನಿಂದ ಹೊರಬಿದ್ದರೆ ಸ್ಲೈಡನ್ನು ಎರಡು ಮಾಡಿ.

‘ಸ್ಲೈಡಿಗೆ ಆರು ಸಾಲು, ಸಾಲಿಗೆ ಆರು ಪದ’ ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠ. ಅದು ಇಂಗ್ಲಿಷಿನ ಪದಕ್ಕೆ ಹೊಂದುವ ಲೆಕ್ಕ. ನಮ್ಮಲ್ಲಿ ‘ಮಾಡಬೇಕಾಗಿರುವುದರಿಂದ’ ಕೂಡ ಒಂದೇ ಪದ. ಪದ ಬಿಟ್ಟು ಅಕ್ಷರ ಎಣಿಸಿ: ಸಾಲಿಗೆ 20–25, ಸ್ಲೈಡಿಗೆ ಮೂರು ನಾಲ್ಕು ಸಾಲು.

ಈಗ ಒಂದು ಸ್ಲೈಡನ್ನೇ ಬಿಚ್ಚಿ ನೋಡೋಣ. ವಿಷಯ ಚಿಕ್ಕಮಗಳೂರು ಜಿಲ್ಲೆಯ 9 ತಾಲ್ಲೂಕುಗಳ ವಾರ್ಷಿಕ ಮಳೆ. ಸಾಮಾನ್ಯವಾಗಿ ಮಾಡುವುದು ಹೀಗೆ: ಮೇಲೆ ‘ಮಳೆಯ ವಿವರ’, ಕೆಳಗೆ ಎಕ್ಸೆಲ್‌ನಿಂದ ತಂದ ಲಂಬ ಕಂಬಗಳು, ಪ್ರತಿ ಕಂಬಕ್ಕೂ ಒಂದೊಂದು ಬಣ್ಣ, ಬಲಗಡೆ ಯಾವ ಬಣ್ಣ ಯಾವ ತಾಲ್ಲೂಕು ಎಂಬ ಪಟ್ಟಿ. ‘ನರಸಿಂಹರಾಜಪುರ’ ಕಂಬದ ಕೆಳಗೆ ಹಿಡಿಸುವುದಿಲ್ಲ, ಓರೆಯಾಗಿ ನಿಲ್ಲುತ್ತದೆ. ಓದುವವರು ಕತ್ತು ವಾಲಿಸಬೇಕು.

ತಿದ್ದುವಾಗ ಶೀರ್ಷಿಕೆಯಿಂದಲೇ ಆರಂಭಿಸಿ. ‘ಮಳೆಯ ವಿವರ’ ಬರಿಯ ಹಣೆಪಟ್ಟಿ. ‘ಶೃಂಗೇರಿಯಷ್ಟು ಮಳೆ ಕಡೂರಿಗಿಲ್ಲ’ ಎಂದರೆ ಅದೊಂದು ಮಾತು. ಚಿತ್ರ ಆ ಮಾತಿಗೆ ಸಾಕ್ಷಿ. ಕಂಬಗಳನ್ನು ಅಡ್ಡ ಮಲಗಿಸಿದರೆ ಉದ್ದ ಹೆಸರು ಎಡಗಡೆ ನೆಟ್ಟಗೆ ಕೂರುತ್ತದೆ. ಅಕಾರಾದಿ ಬಿಟ್ಟು ಮಳೆ ಹೆಚ್ಚಿನಿಂದ ಕಡಿಮೆಗೆ ಜೋಡಿಸಿ. ಇಲ್ಲಿ ಎಕ್ಸೆಲ್‌ನ ಒಂದು ತರಲೆ ಇದೆ: ಪಟ್ಟಿಯ ಮೊದಲ ಹೆಸರನ್ನು ಅದು ಕೆಳಗೆ ಹಾಕುತ್ತದೆ. ಹೆಸರುಗಳ ಅಕ್ಷದ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಆಕ್ಸಿಸ್‌ನಲ್ಲಿ ‘ಕ್ಯಾಟಗರೀಸ್ ಇನ್ ರಿವರ್ಸ್ ಆರ್ಡರ್’ ಗುರುತು ಹಾಕಿದರೆ ಸರಿಹೋಗುತ್ತದೆ. ಏಳು ಕಂಬಗಳಿಗೆ ಬೂದು ಬಣ್ಣ, ಶೃಂಗೇರಿ ಮತ್ತು ಕಡೂರಿಗೆ ಮಾತ್ರ ಗಾಢ ನೀಲಿ. ಕಂಬದ ತುದಿಯಲ್ಲೇ ಮಿಲಿಮೀಟರ್ ಸಂಖ್ಯೆ ಬರೆದರೆ ಹಿನ್ನೆಲೆಯ ಗೆರೆಗಳೂ ಬೇಡ, ಬಲಗಡೆಯ ಬಣ್ಣದ ಪಟ್ಟಿಯೂ ಬೇಡ.

ಫೋಟೊಗೂ ಇದೇ ನ್ಯಾಯ. ‘ಬಳಪದ ಕಲ್ಲು ಮೆದು, ಅದಕ್ಕೇ ಇಷ್ಟು ನವಿರು ಕೆತ್ತನೆ’ ಎಂದು ಬರೆದು ಇಡೀ ಬೇಲೂರು ದೇವಾಲಯದ ಚಿತ್ರ ಹಾಕಿದರೆ ಮಾತಿಗೂ ಚಿತ್ರಕ್ಕೂ ಸಂಬಂಧವಿಲ್ಲ. ಒಬ್ಬ ಮದನಿಕೆಯ ಆಭರಣವನ್ನು ಹತ್ತಿರದಿಂದ ತೆಗೆದ ಚಿತ್ರ ಬೇಕು, ಅದೂ ಸ್ಲೈಡ್ ತುಂಬ. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದ ಫೋಟೊ ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ.

ಹಿನ್ನೆಲೆ ಬಿಳಿಯೋ ಕಪ್ಪೋ ಎಂಬುದನ್ನು ಕೊಠಡಿಯ ಬೆಳಕು ತೀರ್ಮಾನಿಸುತ್ತದೆ. ಪ್ರೊಜೆಕ್ಟರ್ ಬೆಳಕು ಬಿಡಬಲ್ಲದು, ಕಪ್ಪನ್ನು ಬಿಡಲಾರದು. ಬೆಳಕು ಬೀಳದ ಪರದೆ ಎಷ್ಟು ಕಪ್ಪೋ ಅಷ್ಟೇ ಕಪ್ಪು. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ನಿಮ್ಮ ಕಡುನೀಲಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಅಂಥ ಕಡೆ ಬಿಳಿಯ ಮೇಲೆ ಕಪ್ಪು ಅಕ್ಷರವೇ ಕ್ಷೇಮ.

ಹಳೆಯ ಪ್ರೊಜೆಕ್ಟರ್ 1024×768 ಇದ್ದರೆ ಅದರ ಆಕಾರ 4:3. ಅದರಲ್ಲಿ 16:9 ಸ್ಲೈಡ್ ಹಾಕಿದರೆ ಮೇಲೆ ಕೆಳಗೆ ಖಾಲಿ ಪಟ್ಟಿ ಬಿದ್ದು ಎತ್ತರದ ಮುಕ್ಕಾಲು ಪಾಲು ಮಾತ್ರ ಉಳಿಯುತ್ತದೆ. 32ರ ಅಕ್ಷರ 24ರಂತೆ ಕಾಣುತ್ತದೆ. ಮುಂಚೆಯೇ ಕೇಳಿಕೊಂಡು, ಬರೆಯುವುದಕ್ಕೆ ಮೊದಲೇ ಡಿಸೈನ್‌ನ ಸ್ಲೈಡ್ ಸೈಜ್ ಬದಲಿಸಿ. ಆಮೇಲೆ ಬದಲಿಸಿದರೆ ಚಿತ್ರಗಳ ಜಾಗವೆಲ್ಲ ಏರುಪೇರು.

ಇನ್ನು ಸ್ಲೈಡನ್ನು ಪೆನ್‌ಡ್ರೈವಿನಲ್ಲಿ ಒಯ್ದು ಬೇರೆ ಕಂಪ್ಯೂಟರಿನಲ್ಲಿ ತೆರೆಯುವ ಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಕನ್ನಡಕ್ಕೆ ಬಳಸುವ) ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತದೆ. ಅಲ್ಲಿ ಬೇರೆ ಫಾಂಟ್ ಆರಿಸಿದರೂ ಪ್ರಯೋಜನವಿಲ್ಲ. ಮೊದಲೇ ಯೂನಿಕೋಡಿಗೆ, ಅಂದರೆ ಕನ್ನಡಕ್ಕೆ ಅದರದೇ ಸಂಕೇತ ಇರುವ ವ್ಯವಸ್ಥೆಗೆ, ಪರಿವರ್ತಿಸಿರಬೇಕು. ಯೂನಿಕೋಡಿನಲ್ಲಿ ನಿರ್ಮಲಾ ಯುಐ ಎಂಬ ಫಾಂಟ್ ಸುರಕ್ಷಿತ, ವಿಂಡೋಸ್ 8ರಿಂದ ಈಚೆಗೆ ಜೊತೆಗೇ ಬರುತ್ತದೆ. ಬೇರೆ ಫಾಂಟ್ ಬಳಸಿದ್ದರೆ ಫೈಲ್, ಆಪ್ಷನ್ಸ್, ಸೇವ್ ಒಳಗೆ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ ಗುರುತು ಹಾಕಿ. ಪಿಡಿಎಫ್ ಪ್ರತಿಯೊಂದು ಜೊತೆಗಿರಲಿ. ಅದರಲ್ಲಿ ಅನಿಮೇಷನ್ ಓಡುವುದಿಲ್ಲ, ಅಕ್ಷರ ಮಾತ್ರ ಕೆಡುವುದಿಲ್ಲ.

ಪ್ರಶ್ನೆಗಳ ಸಮಯದಲ್ಲಿ ಮಳೆಯ ಸ್ಲೈಡಿಗೆ ಮರಳಬೇಕಾದರೆ ಹಿಂದೆ ಹಿಂದೆ ಒತ್ತುತ್ತಾ ಹೋಗಬೇಕಿಲ್ಲ. ಅದು ನಾಲ್ಕನೆಯದಾದರೆ 4 ಒತ್ತಿ ಎಂಟರ್ ಒತ್ತಿ. ಬಿ ಒತ್ತಿದರೆ ಪರದೆ ಕಪ್ಪಾಗಿ ಎಲ್ಲರ ಕಣ್ಣು ನಿಮ್ಮ ಕಡೆ ತಿರುಗುತ್ತದೆ, ಮತ್ತೊಮ್ಮೆ ಒತ್ತಿದರೆ ಸ್ಲೈಡ್ ವಾಪಸ್.